ನೆಗಡಿ ಬಂದರೆ ಮೂಗು ಕೊಯ್ಯುವುದೇ?

ನಮ್ಮ ಸಂಘದ ಸದಸ್ಯರ ಮನೆಗಳ ಹಿಂಬದಿಯಲ್ಲಿ, ತಾಡಪತ್ರಿ ಹೊದ್ದು ಮಲಗಿರುವ ಪದ್ಮಿನಿ ಕಾರುಗಳು ಇನ್ನೂ ಕೆಲವು ಉಳಿದಿವೆ. ಅಪ್ಪಂದಿರು ವರ್ಷಗಟ್ಟಲೆ ಸರದಿಯಲ್ಲಿ ಕಾದು ಕೊಂಡ ಗಾಡಿಗಳವು. ಅವುಗಳನ್ನು ಮತ್ತೆ ಎಬ್ಬಿಸಬೇಕೆಂಬ ಹುರುಪು ಮಕ್ಕಳಿಗೆ ಬಂದಿದೆ. ಸಂತೋಷ. ಆದರೆ ಆ ಹುರುಪಿನ ಬೆನ್ನಿಗೇ ಒಂದು ರೋಗವೂ ಬಂದಿದೆ. ಸ್ಟಿಯರಿಂಗಿನ ಪಕ್ಕದ ಹಳೆಯ ಕೈ-ಗೇರನ್ನು ಕಿತ್ತೊಗೆದು, ಬೇರೊಂದು ಕಾರಿನ ಐದು ಗೇರಿನ ಡಬ್ಬಿಯನ್ನು ತಂದು, ನೆಲ ಕೊಯ್ದು ಕೂರಿಸುವ ರೋಗ. ಇದನ್ನು 'ಸುಧಾರಣೆ' ಎನ್ನುತ್ತಾರೆ. ನಾನು ಇದನ್ನು ಅಂಗಚ್ಛೇದ ಎನ್ನುತ್ತೇನೆ.

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ಬಂದ. "ಮಾವ, ಅಪ್ಪನ ಗಾಡಿಯ ಗೇರ್ ಬಾಕ್ಸ್ ಹೋಗಿದೆಯಂತೆ. ಸಾಮಾನು ಎಲ್ಲೂ ಸಿಗೋದಿಲ್ಲ, ಹೊಸದು ಹಾಕಿಸಿಬಿಡಿ ಅಂತ ಗ್ಯಾರೇಜಿನವರು ಹೇಳಿದರು" ಎಂದ. "ಹೋಗಿದೆ ಅಂತ ಬಿಚ್ಚಿ ನೋಡಿದರೇನೋ?" ಎಂದು ಕೇಳಿದೆ. "ಇಲ್ಲ ಮಾವ, ಓಡಿಸಿ ನೋಡಿದರು" ಎಂದ. ನಾಡಿ ಹಿಡಿಯದೆ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ವೈದ್ಯರನ್ನು ನೀವು ನಂಬುತ್ತೀರಾ?

ಭಾವನವರ ಕಾಲದಲ್ಲಿ ಟ್ಯಾಕ್ಸಿಗಳನ್ನೇ ರಿಪೇರಿ ಮಾಡಿ ಈಗ ಮನೆಯಲ್ಲಿ ಕುಳಿತಿರುವ ಒಬ್ಬ ವೃದ್ಧ ಮೇಸ್ತ್ರಿಯನ್ನು ಕರೆತಂದೆವು. ಅವರು ಒಂದು ಗಂಟೆ ನೋಡಿದರು. ಗೇರ್ ಕಡ್ಡಿಯಿಂದ ಡಬ್ಬಿಯವರೆಗೆ ಹೋಗುವ ಸರಳುಗಳ ಬುಷ್‌ಗಳು ಸವೆದಿದ್ದವು. ಆದ್ದರಿಂದ ಕಡ್ಡಿ ಸಡಿಲವಾಗಿ ಗೇರು ತಪ್ಪುತ್ತಿತ್ತು. ಎಂಜಿನ್ನಿನ ಹಿಂದಿನ ಸೀಲು ಸೋರಿ ಕ್ಲಚ್ ಪ್ಲೇಟಿಗೆ ಎಣ್ಣೆ ಕುಡಿಸಿತ್ತು. ಆದ್ದರಿಂದ ಚಡಾವಿನಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಡಬ್ಬಿಯೊಳಗಿನ ಹಲ್ಲುಗಳು ಕಲ್ಲಿನಂತಿದ್ದವು. ಅಂದರೆ 'ಹೋಗಿದ್ದು' ಗೇರ್ ಬಾಕ್ಸಲ್ಲ, ಹೇಳಿದವರ ತಾಳ್ಮೆ.

ಪದ್ಮಿನಿ ಎಂಥ ಗಾಡಿ ಎಂಬುದನ್ನು ಹುಡುಗರು ಮೊದಲು ತಿಳಿಯಬೇಕು. ಇಟಲಿಯ ಫಿಯೆಟ್ 1100 ಕಾರನ್ನು ಪ್ರೀಮಿಯರ್ ಕಂಪೆನಿಯವರು ನಮ್ಮ ಮುಂಬಯಿಯ ಕುರ್ಲಾದಲ್ಲಿ ತಯಾರಿಸಿದರು; ಅದಕ್ಕೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿ.ಸಿ.ಯ ಎಂಜಿನ್, ನಾಲ್ಕು ಗೇರು. ಮೊದಲನೆಯ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅದನ್ನು ತುರುಕಿದರೆ ಹಲ್ಲು ಕಡಿಯುತ್ತದೆ. ಅದು ಡಬ್ಬಿಯ ದೋಷವಲ್ಲ, ಓಡಿಸುವವನ ಅವಸರ. ಗೇರು ಸ್ಟಿಯರಿಂಗಿಗೆ ಅಂಟಿಕೊಂಡಿದ್ದರಿಂದಲೇ ಮುಂದೆ ಉದ್ದನೆಯ ಬೆಂಚ್ ಸೀಟು. ಖಂಬಾಟ್ಕಿ ಘಾಟು ಹತ್ತಿ, ಕೊಲ್ಲಾಪುರ, ನಿಪ್ಪಾಣಿ ದಾಟಿ ಊರಿಗೆ ಹೋಗುವಾಗ ಅಪ್ಪ-ಅಮ್ಮನ ನಡುವೆ ಕುಳಿತು ಬಂದ ಮಕ್ಕಳೇ ತಾನೆ ಈಗಿನ ಯಜಮಾನರು? ನೆಲದಿಂದ ಗೇರ್ ಕಡ್ಡಿ ಎದ್ದರೆ ಮೊದಲು ಹೋಗುವುದು ಆ ಮಗು ಕುಳಿತ ಜಾಗವೇ.

ಹಾಗಾದರೆ ಕೆಟ್ಟದ್ದು ಯಾವುದೆಂದು ತಿಳಿಯುವುದು ಹೇಗೆ? ಇದೇನು ಬ್ರಹ್ಮವಿದ್ಯೆಯಲ್ಲ. ಕ್ಲಚ್ ತುಳಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗನ್ನು ಶಂಕಿಸಿ. ನ್ಯೂಟ್ರಲ್ಲಿನಲ್ಲಿ ಸದ್ದಿದ್ದು, ತುಳಿದೊಡನೆ ನಿಂತರೆ ಡಬ್ಬಿಯ ಮುಂದಿನ ಶಾಫ್ಟಿನ ಬೇರಿಂಗನ್ನು ಶಂಕಿಸಿ. ಕ್ಲಚ್ ತುಳಿದು ಕೆಲವು ಕ್ಷಣ ಕಾದ ಮೇಲೂ ರಿವರ್ಸ್ ಗೇರು ಕಿರುಚಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕ್ಲಚ್ ಬದಲಿಸುವಾಗ ಪ್ಲೇಟೊಂದನ್ನೇ ಅಲ್ಲ, ಪ್ರೆಶರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ನೋಡಬೇಕು. ಫ್ಲೈವೀಲಿನ ಮುಖ ಗೀರಿದ್ದರೆ ಲೇತಿನಲ್ಲಿ ಸಮ ಮಾಡಿಸಬೇಕು. ಎಣ್ಣೆ ಸೋರುವ ಸೀಲನ್ನು ಮೊದಲು ಬದಲಿಸಬೇಕು. ಪ್ಲೇಟನ್ನು ನಡುವಿಗೆ ಸರಿಯಾಗಿ ಹಿಡಿದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಡಬ್ಬಿಯನ್ನು ಏರಿಸುವಾಗ ಅದರ ಭಾರವನ್ನು ಕ್ಲಚ್ ಪ್ಲೇಟಿನ ಮೇಲೆ ತೂಗುಹಾಕಬಾರದು. ನಮ್ಮ ವೃದ್ಧ ಮೇಸ್ತ್ರಿ ಹಳೆಯ ಶಾಫ್ಟಿನ ತುಂಡೊಂದನ್ನು ಇದಕ್ಕೆಂದೇ ಚೀಲದಲ್ಲಿಟ್ಟುಕೊಂಡು ಬಂದಿದ್ದರು!

ಇನ್ನು 'ಸುಧಾರಣೆ'ಯವರ ಕೆಲಸ ನೋಡಿ. ಪರಕೀಯ ಡಬ್ಬಿ ಈ ಎಂಜಿನ್ನಿಗೆ ನೇರವಾಗಿ ಕೂರುವುದಿಲ್ಲ. ನಡುವೆ ಒಂದು ತಗಡು ಕಡೆಯಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಶಾಫ್ಟಿನ ತುದಿಯ ಬುಷ್ ತಿಂದುಹೋಗುತ್ತದೆ. ಡಬ್ಬಿಯ ಉದ್ದ ಬೇರೆಯಾದ್ದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಕೊಯ್ದು ಬೆಸೆದು ಮತ್ತೆ ತೂಕ ಸರಿಮಾಡಿಸಬೇಕು. ಮಾಡಿಸದಿದ್ದರೆ ವೇಗದಲ್ಲಿ ಇಡೀ ಗಾಡಿ ನಡುಗುತ್ತದೆ. ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ. ಎರಡು ಬುಷ್ ಬದಲಿಸಲು ಬೇಸರಪಟ್ಟ ಕೈಗಳು ಇಷ್ಟನ್ನೂ ನಿಷ್ಠೆಯಿಂದ ಮಾಡುತ್ತವೆಂದು ನಂಬಬೇಕೇ?

ಕಾನೂನಿನ ಮಾತೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದು ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಗೇರ್ ಬಾಕ್ಸಿನ ಹೆಸರು ಅಲ್ಲಿಲ್ಲವಲ್ಲ ಎಂದು ಜಾಣರು ಕೇಳಿಯಾರು. ಇಲ್ಲ, ನಿಜ. ಆದರೆ ಈ ಕಾರಿಗೆ ಬೇರೆ ಚಾಸಿಯೇ ಇಲ್ಲ. ನೆಲ, ಗೋಡೆ, ಮಾಡು ಎಲ್ಲ ಸೇರಿದ ಒಂದೇ ಕವಚ. ಗೇರ್ ಕಡ್ಡಿಗಾಗಿ ನೆಲ ಕೊಯ್ದರೆ ಕವಚವನ್ನೇ ಕೊಯ್ದಂತೆ. ವಿಂಟೇಜ್ ನೋಂದಣಿಯ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲವಾದ್ದರಿಂದ ಅದು ಎಲ್ಲರಿಗೂ ಬೇಕಾಗಲಾರದು. ಆದರೆ 1974ರ ಗಾಡಿಗಳಿಗೆ 2024ರಲ್ಲಿ ಐವತ್ತು ತುಂಬಿತು. ಮುಂದೆ ಮಕ್ಕಳು ಬೇಕೆಂದಾಗ ಆ ಬಾಗಿಲು ತೆರೆದಿರಲಿ. ಇಂದಿನ ಚಟಕ್ಕೆ ಅದಕ್ಕೆ ಮೊಳೆ ಹೊಡೆಯಬೇಡಿ.

"ನನ್ನ ಗಾಡಿ, ನನ್ನ ದುಡ್ಡು" ಎನ್ನುವವರಿದ್ದಾರೆ. ಒಪ್ಪಿದೆ. ಅಜ್ಜಿಯ ಕಾಸಿನ ಸರವೂ ಮೊಮ್ಮಗಳದೇ. ಕರಗಿಸುವ ಹಕ್ಕು ಅವಳಿಗಿದೆ. ಕರಗಿಸಿದ ಮೇಲೆ ಅದನ್ನು ಅಜ್ಜಿಯ ಸರವೆಂದು ತೋರಿಸಬಾರದು, ಅಷ್ಟೆ. ಒಳಗೆ ಯಾರದೋ ಗೇರು ಇಟ್ಟು, ಹೊರಗೆ ಬಣ್ಣ ಬಳಿದು, 'ಅಪ್ಪನ ಗಾಡಿ' ಎಂದು ಮೆರವಣಿಗೆಗೆ ತರುವುದಕ್ಕೆ ನನ್ನ ಆಕ್ಷೇಪ.

ಎಲ್ಲ ಬದಲಾವಣೆಯನ್ನೂ ಬೈಯುವ ಹಠ ನನಗಿಲ್ಲ. ಡಬ್ಬಿಯ ಕವಚವೇ ಸೀಳಿ, ಬದಲಿ ನಿಜಕ್ಕೂ ಸಿಗದಿದ್ದರೆ ಬೇರೆ ದಾರಿ ಹುಡುಕಬೇಕಾದೀತು. ಎಡಗಾಲಿನಲ್ಲಿ ಬಲವಿಲ್ಲದವರು ಕ್ಲಚ್ಚಿಲ್ಲದ ವ್ಯವಸ್ಥೆ ಮಾಡಿಸಿಕೊಂಡರೆ ನಾನು ಕೈ ಜೋಡಿಸಿ ಸುಮ್ಮನಾಗುತ್ತೇನೆ. ಅದು ಅಗತ್ಯ; ನಾನು ಬೈಯುತ್ತಿರುವುದು ಸೋಮಾರಿತನವನ್ನು.

"ಸಾಮಾನು ಸಿಗುವುದಿಲ್ಲ" ಎಂಬ ಮಾತು ಮಾತ್ರ ನಾಳೆ ನಿಜವಾಗಬಹುದು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ಹೋದವು. ಅವುಗಳ ಹಿಂದೆಯೇ ಅವುಗಳ ಮೇಸ್ತ್ರಿಗಳೂ ಮನೆ ಸೇರುತ್ತಿದ್ದಾರೆ. ಕಿತ್ತೆಸೆದ ಪ್ರತಿಯೊಂದು ಹಳೆಯ ಡಬ್ಬಿಯೂ ಗುಜರಿಗೆ ಹೋಗುತ್ತದೆ. ಇನ್ನೊಂದು ಗಾಡಿಗೆ ಜೀವ ಕೊಡಬಹುದಾಗಿದ್ದ ಹಲ್ಲುಗಳು ತೂಕಕ್ಕೆ ಮಾರಾಟವಾಗುತ್ತವೆ. 'ಸಿಗುವುದಿಲ್ಲ' ಎಂದು ಅಳುವವರೇ ಸಿಗದಂತೆ ಮಾಡುತ್ತಿದ್ದಾರೆ!

ಆದ್ದರಿಂದ ಬಂಧುಗಳೇ, ನಿಮ್ಮ ಬೀದಿಯ ಹಳೆಯ ಮೇಸ್ತ್ರಿ ಇನ್ನೂ ಇದ್ದರೆ ಈ ಭಾನುವಾರವೇ ಮಗನನ್ನೋ ಮಗಳನ್ನೋ ಅವರ ಬಳಿ ಕಳುಹಿಸಿ. ಕೈಗೆ ಮಸಿ ಹತ್ತಲಿ. ಡಬ್ಬಿ ಇಳಿಸುವುದನ್ನೂ ಏರಿಸುವುದನ್ನೂ ಒಮ್ಮೆ ಕಲಿಯಲಿ. ಬದಲಿಸಲೇಬೇಕಾದವರು ಹಳೆಯದನ್ನು ಗುಜರಿಗೆ ಹಾಕದೆ, ಬೇಕಾದ ಬಂಧುವಿಗೆ ಕೊಡಲಿ.

ಅಕ್ಕನ ಮಗನ ಗಾಡಿ ದೀಪಾವಳಿಗೆ ಧಾರವಾಡಕ್ಕೆ ಹೋಗಿಬಂತು. ಮುಂದಿನ ಸೀಟಿನಲ್ಲಿ ಮೂವರು ಕುಳಿತಿದ್ದರು. ನಡುವೆ ಅವನ ಮಗಳು.