ಉಗುರಿನಲ್ಲಿ ಹೋಗುವ ಹುಳುಕಿಗೆ ಕೊಡಲಿ ಏಕೆ?

ವೆಸ್ಟ್ ಮಾಂಬಲಂನ ಕನ್ನಡ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗೆ, ಕಣ್ಣಿನ ಪೊರೆಯ ಆಪರೇಷನ್‌ಗೆ ಹಣ ಎತ್ತಿಡುವವರಿದ್ದಾರೆ. ಹಲ್ಲಿಗೆಂದು ಎತ್ತಿಡುವವರು ಬಹಳ ಕಡಿಮೆ. ಒಂದು ಕಡೆ ನೋವಿದ್ದರೆ ಇನ್ನೊಂದು ಕಡೆ ಅಗಿಯುತ್ತಾ, ಲವಂಗದೆಣ್ಣೆಯ ಹತ್ತಿ ಇಟ್ಟುಕೊಂಡು, ಚಕ್ಕುಲಿ ಕೋಡುಬಳೆ ಬಿಟ್ಟು ಮೊಸರನ್ನಕ್ಕೆ ಇಳಿದ ಹಿರಿಯರು ಎಷ್ಟೋ ಮಂದಿ. ಕೇಳಿದರೆ ‘ಈ ವಯಸ್ಸಿಗೆ ಹಲ್ಲಿಗೆ ಯಾಕೆ ದುಡ್ಡು ಸುರಿಯೋದು, ಮಕ್ಕಳಿಗೆ ಭಾರ’ ಎನ್ನುತ್ತಾರೆ. ಕೊನೆಗೊಂದು ರಾತ್ರಿ ನಿದ್ದೆ ಕೆಟ್ಟಾಗ ಹತ್ತಿರದ ‘ಪಲ್ ಡಾಕ್ಟರ್’ ಬಳಿ ಓಡುತ್ತಾರೆ. ಭಾರ ಹೆಚ್ಚುವುದು ಅಲ್ಲಿಯೇ.

ಹಲ್ಲಿನ ಖರ್ಚಿನ ಗುಟ್ಟು ಇರುವುದು ತಡ ಮಾಡುವುದರಲ್ಲಿ. ಹುಳುಕು ಹಲ್ಲಿನ ಹೊರಪದರದಲ್ಲಿ ಇರುವಾಗ ನೋವೇ ಇರುವುದಿಲ್ಲ. ಆಗ ಒಂದು ಫಿಲ್ಲಿಂಗ್ ಸಾಕು. ಖರ್ಚು ನೂರುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಒಳಗಿನ ನರದವರೆಗೆ ಇಳಿದರೆ ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್. ಖರ್ಚು ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಹಲ್ಲು ಕಿತ್ತು ಇಂಪ್ಲಾಂಟ್ ಹಾಕಿಸುವುದಾದರೆ ಒಂದೊಂದು ಹಲ್ಲಿಗೂ ಹತ್ತಾರು ಸಾವಿರ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರೆಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಸಕ್ಕರೆ ಕಾಯಿಲೆ ಇರುವವರಿಗಂತೂ ವಸಡಿನ ರೋಗ ಬೇಗ ಹೆಚ್ಚುತ್ತದೆ. ವಸಡು ಕೆಟ್ಟರೆ ಸಕ್ಕರೆಯ ಹತೋಟಿಯೂ ತಪ್ಪುತ್ತದೆ.

ಹಾಗೆಂದು ದಂತವೈದ್ಯರೆಲ್ಲ ಸುಲಿಗೆ ಮಾಡುತ್ತಾರೆಂದು ದೂರುವುದು ನ್ಯಾಯವಲ್ಲ. ಅಂಗಡಿ ಬಾಡಿಗೆ, ಕುರ್ಚಿ, ಎಕ್ಸ್‌ರೇ, ಲ್ಯಾಬಿನ ಕೂಲಿ, ಉಪಕರಣಗಳ ಶುದ್ಧೀಕರಣ ಎಲ್ಲವೂ ಆ ಬಿಲ್ಲಿನೊಳಗೇ ಬರಬೇಕು. ರೋಗಿಯ ತಪ್ಪು ಇರುವುದು ಕೇಳದೆ ಒಪ್ಪುವುದರಲ್ಲಿ. ಹತ್ತು ರೂಪಾಯಿ ಸೊಪ್ಪಿಗೆ ಚೌಕಾಸಿ ಮಾಡುವವರು ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದ ಮೇಲೆ ಮಾತೇ ಆಡುವುದಿಲ್ಲ. ಚಿಕಿತ್ಸೆಗೆ ಮೊದಲೇ ಅಂದಾಜು ಪಟ್ಟಿ ಬರೆಸಿಕೊಳ್ಳಬೇಕು. ಎಕ್ಸ್‌ರೇ ಸೇರಿದೆಯೇ, ಕ್ಯಾಪ್‌ಗೆ ಬೇರೆ ಹಣವೇ, ಕ್ಯಾಪ್ ಲೋಹದ್ದೋ ಸೆರಾಮಿಕ್‌ದೋ ಜಿರ್ಕೋನಿಯಾವೋ, ಬೆಲೆ ವ್ಯತ್ಯಾಸವೆಷ್ಟು, ಎಷ್ಟು ಸಲ ಬರಬೇಕು ಎಂದು ಕೇಳಬೇಕು. ಇಂದೇ ಆಗಬೇಕಾದ ಹಲ್ಲು ಯಾವುದು, ಕೆಲವು ತಿಂಗಳು ತಡೆಯುವ ಹಲ್ಲು ಯಾವುದು ಎಂಬುದೂ ಆ ಪಟ್ಟಿಯಲ್ಲಿರಲಿ. ದೊಡ್ಡ ಮೊತ್ತವಾದರೆ ಎಕ್ಸ್‌ರೇ ಪ್ರತಿ ಹಿಡಿದು ಇನ್ನೊಬ್ಬ ವೈದ್ಯರನ್ನು ಕಾಣುವುದರಲ್ಲಿ ಸಂಕೋಚ ಬೇಡ. ಆದರೆ ಮುಖ ಊದಿ ಜ್ವರ ಬಂದಿದ್ದರೆ ಬೆಲೆ ವಿಚಾರಿಸುತ್ತಾ ಕೂರಬಾರದು.

ಹಣ ಹೊಂದಿಸುವ ವಿಷಯದಲ್ಲೂ ಎಚ್ಚರ ಬೇಕು. ಸಾಮಾನ್ಯ ಮೆಡಿಕ್ಲೈಮ್ ಪಾಲಿಸಿಗಳಲ್ಲಿ ಅಪಘಾತದ ಸಂದರ್ಭ ಬಿಟ್ಟರೆ ಹಲ್ಲಿನ ಚಿಕಿತ್ಸೆ ಸೇರಿರುವುದು ಅಪರೂಪ. ಕ್ರೆಡಿಟ್ ಕಾರ್ಡ್ ಉಜ್ಜಿ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ. 3ಕ್ಕೂ ಹೆಚ್ಚು ಬಡ್ಡಿ ಬೀಳುವುದುಂಟು. ವರ್ಷಕ್ಕೆ ಅದು ಶೇ. 36 ದಾಟುತ್ತದೆ. ಬ್ಯಾಂಕಿನಲ್ಲಿ ಠೇವಣಿ ಇದ್ದವರಿಗೆ ಅದರ ಮೇಲೆ ಸಾಲ ಸಿಗುತ್ತದೆ. ಬಡ್ಡಿ ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಶೇ. 1 ಅಥವಾ 2 ಮಾತ್ರ ಹೆಚ್ಚು. ತಿಂಗಳಿಗೆ 500 ರೂಪಾಯಿಯ ಆರ್.ಡಿ. ಕಟ್ಟಿದರೆ ವರ್ಷಕ್ಕೆ 6,000 ರೂಪಾಯಿ ಅಸಲು ಕೈಯಲ್ಲಿರುತ್ತದೆ. 60 ದಾಟಿದವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ವೈದ್ಯಕೀಯ ವೆಚ್ಚಕ್ಕೆ ವರ್ಷಕ್ಕೆ 50,000 ರೂಪಾಯಿವರೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಉಂಟು. ನಗದು ಕೊಟ್ಟರೆ ಅದು ಸಿಗದು. ಚೆಕ್, ಕಾರ್ಡ್ ಅಥವಾ ಯುಪಿಐ ಮೂಲಕ ಕೊಟ್ಟು ರಸೀದಿ ಇಟ್ಟುಕೊಳ್ಳಬೇಕು.

ಕಡಿಮೆ ಖರ್ಚಿನ ದಾರಿಗಳೂ ದೂರವಿಲ್ಲ. ಮಾಂಬಲಂ ನಿಲ್ದಾಣದಲ್ಲಿ ಬೀಚ್ ಕಡೆಯ ಲೋಕಲ್ ರೈಲು ಹತ್ತಿದರೆ ಪಾರ್ಕ್ ಆದ ಮೇಲೆ ಫೋರ್ಟ್ ನಿಲ್ದಾಣ. ಅದರ ಹತ್ತಿರವೇ 1953ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ರಾಮಾಪುರಂ, ಪೋರೂರು, ಮದುರವಾಯಲ್ ಕಡೆ ಖಾಸಗಿ ದಂತ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಸಾಕು. ನಿವೃತ್ತರಿಗೆ ಸಮಯದ ಕೊರತೆ ಇಲ್ಲ. ಕೊರತೆ ಇರುವುದು ಜೊತೆಗೆ ಹೋಗುವವರದು.

ಸಂಘಗಳು ಕೈಜೋಡಿಸಬೇಕಾದದ್ದು ಇಲ್ಲಿಯೇ. ಕರ್ನಾಟಕ ಸರ್ಕಾರ 2014ರಲ್ಲಿ ‘ದಂತ ಭಾಗ್ಯ’ ಯೋಜನೆ ತಂದು ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಿಸಿತು. ಅಲ್ಲಿನ ಪಡಿತರ ಚೀಟಿ ಬಿಟ್ಟು ಚೆನ್ನೈಗೆ ಬಂದು ನೆಲೆಸಿದವರಿಗೆ ಅದು ಸಿಗದು. ಊರು ಬಿಟ್ಟವರಿಗೆ ಸಂಘವೇ ಊರು. ಆರೋಗ್ಯ ಶಿಬಿರವೆಂದರೆ ಬಿ.ಪಿ., ಶುಗರ್, ಕಣ್ಣು ನೋಡಿ ಕಳಿಸುವುದು ರೂಢಿ. ವರ್ಷಕ್ಕೊಮ್ಮೆ ದಂತವೈದ್ಯರನ್ನೂ ಕರೆಸಬೇಕು. ಬಡಾವಣೆಯ ಎರಡು ಮೂರು ಕ್ಲಿನಿಕ್‌ಗಳಿಂದ ದರಪಟ್ಟಿ ತರಿಸಿ ಸದಸ್ಯರಿಗೆ ತಿಳಿಸಬೇಕು. ಒಂಟಿಯಾಗಿರುವ ಹಿರಿಯರ ಜೊತೆ ಫೋರ್ಟ್‌ವರೆಗೆ ಹೋಗಿಬರಲು ನಾಲ್ವರು ಯುವಕರ ಹೆಸರು ಬರೆದಿಡಬೇಕು. ಇದಕ್ಕೆ ರಾಜ್ಯೋತ್ಸವದ ಶಾಮಿಯಾನದಷ್ಟು ಖರ್ಚೂ ಬಾರದು. ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಈ ವಿಷಯ ಎತ್ತಿಕೊಳ್ಳುವುದು ಒಳಿತು. ಮುಂದಿನ ಗೋಕುಲಾಷ್ಟಮಿಗೆ ಮನೆಯ ಅಜ್ಜಿಯೂ ಒಂದು ಚಕ್ಕುಲಿ ಕಡಿಯುವಂತಾದರೆ ಆ ಸಭೆ ಸಾರ್ಥಕ.