ಪ್ರಶ್ನೆ ಮನೆಗೆ ಬರುವ ಮೊದಲು

2018ರ ಮಾರ್ಚ್ 19ರಂದು ರಾಜ್ಯ ಸಚಿವ ಸಂಪುಟವು ನಾಗಮೋಹನದಾಸ್ ಸಮಿತಿಯ ವರದಿಯನ್ನು ಒಪ್ಪಿ, ಲಿಂಗಾಯತಕ್ಕೆ ಧಾರ್ಮಿಕ ಮಾನ್ಯತೆ ಕೋರಿ ಕೇಂದ್ರಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಮೇ 12ರಂದು ವಿಧಾನಸಭೆಗೆ ಮತದಾನ ನಡೆಯಿತು. ಫಲಿತಾಂಶದ ದಿನದಿಂದ ಇಂದಿನವರೆಗೂ 'ಜನ ಇದನ್ನು ತಿರಸ್ಕರಿಸಿದರು' ಎಂಬ ಮಾತು ಕಿವಿಗೆ ಬೀಳುತ್ತಲೇ ಇದೆ. ಜನರನ್ನು ಕೇಳಿದ್ದು ಯಾವಾಗ? ಮತಯಂತ್ರದಲ್ಲಿದ್ದದ್ದು ಅಭ್ಯರ್ಥಿಯ ಹೆಸರು, ಪಕ್ಷದ ಚಿಹ್ನೆ. ಒಬ್ಬರು ನೀರಾವರಿಗೆ, ಒಬ್ಬರು ಸಾಲಮನ್ನಾಕ್ಕೆ, ಇನ್ನೊಬ್ಬರು ಬೀಗರ ಮುಖ ನೋಡಿ ಗುಂಡಿ ಒತ್ತಿದರು. ಅದರಲ್ಲಿ ಧರ್ಮದ ಪ್ರಶ್ನೆಗೆ ಬಿದ್ದ ಮತ ಎಷ್ಟೆಂದು ಬಿಡಿಸಿ ಹೇಳುವ ಲೆಕ್ಕ ನಾನು ಕಲಿತ ಎಂಜಿನಿಯರಿಂಗಿನಲ್ಲಂತೂ ಇಲ್ಲ.

ಒಂದೇ ಪ್ರಶ್ನೆಯನ್ನು ಜನರ ಮುಂದಿಟ್ಟು ಮತ ಕೇಳುವ ಏರ್ಪಾಡು ನಮ್ಮ ಸಂವಿಧಾನದಲ್ಲಿಲ್ಲ. ಆದರೆ ಕಾರವಾರದ ಪಕ್ಕದಲ್ಲೇ ಒಮ್ಮೆ ಅದು ನಡೆದಿದೆ. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ, ಕೇಂದ್ರಾಡಳಿತದಲ್ಲೇ ಉಳಿಯಬೇಕೋ ಎಂದು ಕೇಳಲು ಸಂಸತ್ತು 1966ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿತು. 1967ರ ಜನವರಿ 16ರಂದು ಮತದಾನ. ವಿಲೀನಕ್ಕೆ ಹೂವು, ಬೇಡವೆನ್ನುವವರಿಗೆ ಎರಡೆಲೆ. ವಿಲೀನದ ಪರವಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಮತದಾನಕ್ಕೆ ಮೊದಲೇ ಅಧಿಕಾರ ಬಿಟ್ಟಿದ್ದರು. ವಿಲೀನ ಬೇಡವೆಂಬ ವಾದವನ್ನು 'ರಾಷ್ಟ್ರಮತ' ಪತ್ರಿಕೆ ಮರಾಠಿಯಲ್ಲೇ ಮನೆಮನೆಗೆ ಮುಟ್ಟಿಸಿತು. 34,021 ಮತಗಳ ಅಂತರದಲ್ಲಿ ಎರಡೆಲೆ ಗೆದ್ದಿತು. ಅಲ್ಲಿ ಜನ ಏನು ಹೇಳಿದರೆಂಬುದರಲ್ಲಿ ಗೊಂದಲವಿಲ್ಲ.

2024ರ ಚುನಾವಣೆಯ ಹೊತ್ತಿಗೆ ನಾನು ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿದ್ದೆ. ಅಲ್ಲಿ 1911ರಿಂದ ಜನರೇ ಸಹಿ ಸಂಗ್ರಹಿಸಿ ಪ್ರಶ್ನೆಯನ್ನು ಮತಪತ್ರಕ್ಕೆ ತರಬಹುದು. ಈಗ ಹೊಸ ಕಾನೂನಿಗೆ 5,46,651 ಸಹಿ ಬೇಕು. ಆ ವರ್ಷ ಇಡೀ ರಾಜ್ಯಕ್ಕೆ ಹತ್ತು ಪ್ರಶ್ನೆಗಳಿದ್ದವು. ಅಂಚೆಯಲ್ಲಿ ಸರ್ಕಾರದ ದಪ್ಪ ಪುಸ್ತಿಕೆ ಬಂತು. ಪ್ರತಿ ಪ್ರಶ್ನೆಗೆ ಸಾರಾಂಶ, ಬೊಕ್ಕಸಕ್ಕಾಗುವ ಖರ್ಚು, ಪರವಾದ, ವಿರೋಧವಾದ, ಪ್ರತಿಯೊಬ್ಬರ ವಾದಕ್ಕೆ ಎದುರಿನವರ ಉತ್ತರ. ಅಚ್ಚಿಗೆ ಹೋಗುವ ಮೊದಲು 20 ದಿನ ಎಲ್ಲರಿಗೂ ನೋಡಲು ಇಡುತ್ತಾರೆ; ಸುಳ್ಳಿದ್ದರೆ ಯಾವ ಮತದಾರನಾದರೂ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲೇನೂ ಎಲ್ಲ ಸರಿಯಿಲ್ಲ. ಕೂಲಿ ಕೊಟ್ಟು ಸಹಿ ಹಾಕಿಸುತ್ತಾರೆ. 2020ರಲ್ಲಿ ಒಂದೇ ಪ್ರಶ್ನೆಗೆ ಆ್ಯಪ್ ಟ್ಯಾಕ್ಸಿ ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ಸುರಿದವು. ಆದರೆ ಆ ಪುಸ್ತಿಕೆ ನನಗೆ ಬಹಳ ಹಿಡಿಸಿತು.

ನೌಕರಿಯಲ್ಲಿದ್ದಾಗ ಆಕ್ಷೇಪಣೆ ಆಹ್ವಾನಿಸುವ ಪ್ರಕಟಣೆಗಳನ್ನು ಬಹಳ ಕಂಡಿದ್ದೇನೆ. ಪತ್ರಿಕೆಯ ಮೂಲೆಯಲ್ಲಿ ಇರುವೆಯಂಥ ಅಕ್ಷರ. ಅವಧಿ ಮುಗಿದ ಮೇಲೆ ಕಡತದಲ್ಲಿ 'ಆಕ್ಷೇಪಣೆ ಬಂದಿರುವುದಿಲ್ಲ'.

ಧರ್ಮವನ್ನು ಬಹುಮತದಿಂದ ತೀರ್ಮಾನಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳುವ ಜಾಗ ಒಂದಿದೆ: ಗಣತಿಯ ಧರ್ಮದ ಕಾಲಂ. 2025ರ ಸೆಪ್ಟೆಂಬರ್ 22ರಂದು ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಅದು ಬಂತು. ನಮ್ಮ ತ್ಯಾಗರಾಜನಗರಕ್ಕೆ ಅದು ತಲುಪಿದ್ದು ಹೇಗೆ? ಒಂದು ವಾಟ್ಸಾಪ್ ಗುಂಪಿನಲ್ಲಿ 'ಲಿಂಗಾಯತ ಎಂದು ಬರೆಸಿ', ಇನ್ನೊಂದರಲ್ಲಿ 'ವೀರಶೈವ ಲಿಂಗಾಯತ', ಮೂರನೆಯದರಲ್ಲಿ 'ಹಿಂದೂ'. ಎಲ್ಲವೂ ಅಪ್ಪಣೆ, ಕಾರಣ ಯಾವುದರಲ್ಲೂ ಇಲ್ಲ. ಪಕ್ಕದ ಮನೆಯ ಅಕ್ಕ ಕೇಳಿದರು: "ಅಣ್ಣಾ, ಲಿಂಗಾಯತ ಧರ್ಮ ಅಂತ ಬರೆಸಿದ್ರೆ ಮೊಮ್ಮಗನ ಮೀಸಲಾತಿ ಹೋಗುತ್ತಾ?"

ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ರಾಜ್ಯದ 3ಬಿ ಪಟ್ಟಿಯಲ್ಲಿ ಲಿಂಗಾಯತರ ಜೊತೆ ಕ್ರೈಸ್ತರೂ ದಿಗಂಬರ ಜೈನರೂ ಇದ್ದಾರೆ. ಹಿಂದೂ ಅಲ್ಲದ ಕಾರಣಕ್ಕೆ ಯಾರೂ ಅದರಿಂದ ಹೊರಬಿದ್ದಿಲ್ಲ. ಇದು ನಮ್ಮ ಕಡೆಯ ಉತ್ತರ. ಆದರೆ ಪರಿಶಿಷ್ಟ ಜಾತಿಗೆ 1950ರ ರಾಷ್ಟ್ರಪತಿ ಆದೇಶ ಅನ್ವಯಿಸುತ್ತದೆ. ಅದರಲ್ಲಿ ಹಿಂದೂ, ಸಿಖ್, ಬೌದ್ಧ ಮಾತ್ರ. ಲಿಂಗ ಕಟ್ಟಿಕೊಂಡ ದಲಿತ ಶರಣರ ಭಯಕ್ಕೆ ಆಧಾರವಿದೆ. ಇದನ್ನು ನಾವು ವೇದಿಕೆಯಲ್ಲಿ ಹೇಳುವುದು ಕಡಿಮೆ.

2027ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಜನಗಣತಿಯ ಎಣಿಕೆ. 2011ರ ನಮೂನೆಯಲ್ಲಿ ಆರು ಧರ್ಮಗಳಿಗೆ ಮಾತ್ರ ಸಂಕೇತ ಸಂಖ್ಯೆ ಇತ್ತು. ಉಳಿದವರದು ಸಂಖ್ಯೆಯಿಲ್ಲದೆ ಪೂರ್ತಿ ಹೆಸರು ಬರೆಸುವ ಕ್ರಮ. ಇದನ್ನು ತಿಳಿದವರು ಎಷ್ಟು ಜನ? ಮಠಗಳು ಈಗಲೇ ಒಂದು ಹಾಳೆ ಅಚ್ಚು ಹಾಕಿಸಲಿ. 'ಲಿಂಗಾಯತ' ಎಂದು ಬರೆಸಬೇಕೆನ್ನುವ ನಮ್ಮ ವಾದ ಅರ್ಧ, ಬೇಡವೆನ್ನುವವರೇ ಬರೆದುಕೊಟ್ಟ ವಾದ ಅರ್ಧ, ಹಿಂಬದಿಯಲ್ಲಿ ಪರಸ್ಪರ ಉತ್ತರ. ಸೋಮವಾರದ ಪ್ರಸಾದದ ಸಾಲಿನಲ್ಲೇ ಹಂಚಬಹುದು.

ವಿರೋಧಿಗಳ ಮಾತನ್ನು ನಮ್ಮ ಕಾಸಿನಲ್ಲಿ ಏಕೆ ಅಚ್ಚು ಹಾಕಬೇಕೆಂದು ಒಬ್ಬ ಹಿರಿಯ ಶರಣರು ನನ್ನನ್ನು ಕೇಳಿದರು. ಅದು ಹೇಗೂ ಮೊಬೈಲಿನಲ್ಲಿ ಮನೆಗೆ ಬಂದಾಗಿದೆ. ನಮ್ಮ ಉತ್ತರ ಅದರ ಪಕ್ಕದಲ್ಲಿಲ್ಲ, ಅಷ್ಟೇ. 1950ರ ಆದೇಶದ ಬಗ್ಗೆ ನಮ್ಮ ಉತ್ತರವೇನೆಂದು ಪೂಜ್ಯರು ಕಾನೂನು ಬಲ್ಲವರನ್ನು ಕೂರಿಸಿ ಬರೆಸಲಿ. ಆ ನಾಲ್ಕು ಸಾಲು ಬರೆಯುವುದು ಕಷ್ಟ. ಅದನ್ನೇ ಮೊದಲು ಬರೆಸಬೇಕು.