ನಿದ್ದೆಗೆಟ್ಟ ಮಗುವಿಗೆ ಬೈಗುಳ ಮದ್ದಲ್ಲ

ರಾತ್ರಿ ಹನ್ನೊಂದಾದರೂ ಮಗು ಕಣ್ಣು ಮುಚ್ಚುವುದಿಲ್ಲ. ನೀರು ಬೇಕೆಂದು ಒಮ್ಮೆ, ಭಯವಾಗುತ್ತದೆಂದು ಇನ್ನೊಮ್ಮೆ ಹಾಸಿಗೆಯಿಂದ ಎದ್ದು ಬರುತ್ತದೆ. ಬೆಳಗ್ಗೆ ಎಬ್ಬಿಸುವುದೇ ಒಂದು ಸಾಹಸ. ಶಾಲೆಯಿಂದ ಮತ್ತೆ ಅದೇ ದೂರು: ಪಾಠದಲ್ಲಿ ಲಕ್ಷ್ಯವಿಲ್ಲ, ಕುಳಿತಲ್ಲಿ ಕೂರುವುದಿಲ್ಲ. ಸಂಜೆ ಮನೆಯಲ್ಲಿ ಬೈಗುಳ, ಕೆಲವೊಮ್ಮೆ ಪೆಟ್ಟು. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯುಳ್ಳ, ಅಂದರೆ ವೈದ್ಯರು ಎ.ಡಿ.ಎಚ್.ಡಿ. ಎಂದು ಗುರುತಿಸುವ ಮಕ್ಕಳಿರುವ ಅನೇಕ ಮನೆಗಳ ದಿನಚರಿ ಇದು.

ಮಗುವಿನ ಹಗಲಿನ ಚೇಷ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ; ಅದರ ರಾತ್ರಿಯ ಬಗ್ಗೆ ವಿಚಾರಿಸುವವರು ವಿರಳ. ಇಂತಹ ಮಕ್ಕಳಲ್ಲಿ ನಿದ್ದೆಯ ತೊಂದರೆ ಇತರ ಮಕ್ಕಳಿಗಿಂತ ಬಹಳ ಹೆಚ್ಚು. ನಿದ್ದೆಗೆಟ್ಟ ಹಿರಿಯರು ತೂಕಡಿಸುತ್ತಾರೆ. ಮಕ್ಕಳಲ್ಲಾದರೋ ಅದು ಅನೇಕ ವೇಳೆ ಚಡಪಡಿಕೆಯಾಗಿ, ಸಿಡುಕಾಗಿ, ಮರೆವಾಗಿ ತೋರುತ್ತದೆ. ಹೀಗೆ ಇರುವ ತೊಂದರೆಯನ್ನು ನಿದ್ದೆಗೇಡು ಇಮ್ಮಡಿಗೊಳಿಸುತ್ತದೆ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಅಭಿಮತ. ನಮ್ಮ ಎಷ್ಟು ಮಕ್ಕಳಿಗೆ ಅಷ್ಟು ನಿದ್ದೆ ದೊರೆಯುತ್ತಿದೆ?

ಇದಕ್ಕೆ ಪರಿಹಾರವಿಲ್ಲವೆಂದು ಕೈಚೆಲ್ಲುವ ಅಗತ್ಯವಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 5ರಿಂದ 12 ವರ್ಷದೊಳಗಿನ ಇಂತಹ 244 ಮಕ್ಕಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿ.ಎಂ.ಜೆ.ಯಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಕುಟುಂಬಗಳಿಗೆ ಸಿಕ್ಕಿದ್ದು ಕೇವಲ ಎರಡು ಭೇಟಿಗಳ ಸಲಹೆ ಮತ್ತು ಒಂದು ದೂರವಾಣಿ ಕರೆ. ಆರು ತಿಂಗಳ ನಂತರ ಆ ಮಕ್ಕಳ ನಿದ್ದೆ ಸುಧಾರಿಸಿತ್ತು. ಹಗಲಿನ ಲಕ್ಷಣಗಳೂ ಸ್ವಲ್ಪಮಟ್ಟಿಗೆ ತಗ್ಗಿದ್ದವು. ಶಿಕ್ಷಕರೂ ಮಕ್ಕಳ ವರ್ತನೆಯಲ್ಲಿ ಸುಧಾರಣೆಯನ್ನು ಗುರುತಿಸಿದರು. ಇದು ಪವಾಡವಲ್ಲ, ಔಷಧಿಗೆ ಬದಲಿಯೂ ಅಲ್ಲ. ಆದರೆ ಇಷ್ಟು ಅಲ್ಪ ವೆಚ್ಚದ ಉಪಾಯದಿಂದ ಮನೆಗೆ ಒಂದಿಷ್ಟು ನೆಮ್ಮದಿ ಮರಳುವುದಾದರೆ ಅದು ಸಣ್ಣ ಮಾತಲ್ಲ.

ಅಂತಹ ಸಲಹೆಗಳು ಮನೆಯಲ್ಲೇ ಪಾಲಿಸಬಹುದಾದಂಥವು. ಪ್ರತಿದಿನ, ರಜಾದಿನದಲ್ಲೂ, ಮಲಗುವ ಮತ್ತು ಏಳುವ ಸಮಯ ಒಂದೇ ಆಗಿರಲಿ. ಮಲಗುವ ಮೊದಲಿನ ಒಂದು ಗಂಟೆ ಟಿ.ವಿ., ಮೊಬೈಲುಗಳಿಗೆ ವಿರಾಮವಿರಲಿ. ಸಂಜೆಯ ಕಾಫಿ, ಚಹಾ ಬೇಡ. ಹತ್ತೂವರೆಗೆ ನಿದ್ದೆ ಹತ್ತುವ ಮಗುವನ್ನು ಎಂಟಕ್ಕೇ ಮಲಗಿಸಿ ಗದರುವುದರಿಂದ ಫಲವಿಲ್ಲ. ಮೊದಲು ಹತ್ತೂವರೆಗೇ ಮಲಗಿಸಿ, ನಿದ್ದೆ ಬೇಗ ಬರತೊಡಗಿದಂತೆ ಆ ಸಮಯವನ್ನು ಕಾಲು ಗಂಟೆಯಂತೆ ಹಿಂದಕ್ಕೆ ತರಬೇಕು. ಒಂಟಿಯಾಗಿ ಮಲಗಲು ಅಂಜುವ ಮಗುವಿನ ಬಳಿ ಕುರ್ಚಿ ಹಾಕಿ ಕುಳಿತು, ದಿನಗಳೆದಂತೆ ಕುರ್ಚಿಯನ್ನು ಬಾಗಿಲಿನತ್ತ ಸರಿಸಬಹುದು.

ವೈದ್ಯರ ಬಳಿ ಕೇಳಬೇಕಾದ ಸಂಗತಿಗಳೂ ಇವೆ. ಎ.ಡಿ.ಎಚ್.ಡಿ.ಗೆ ಕೊಡುವ ಕೆಲವು ಔಷಧಿಗಳೇ ನಿದ್ದೆಯನ್ನು ತಡಮಾಡಬಹುದು. ಅವುಗಳ ಹೊತ್ತು ಅಥವಾ ಪ್ರಮಾಣವನ್ನು ವೈದ್ಯರು ಬದಲಿಸಬಲ್ಲರು. ಮಗು ಗೊರಕೆ ಹೊಡೆಯುತ್ತಿದ್ದರೆ ಟಾನ್ಸಿಲ್ ಊದಿಕೊಂಡು ಉಸಿರಾಟಕ್ಕೆ ಅಡ್ಡಿಯಾಗಿರಬಹುದು. ರಾತ್ರಿ ಕಾಲು ಚಡಪಡಿಸುವುದಕ್ಕೆ ಕಬ್ಬಿಣಾಂಶದ ಕೊರತೆ ಕಾರಣವಾಗಿರಬಹುದು. ಮೆಲಟೋನಿನ್ ಮಾತ್ರೆಯಿಂದ ಕೆಲವು ಮಕ್ಕಳಿಗೆ ನಿದ್ದೆ ಬೇಗ ಬರುವುದುಂಟು. ಆದರೆ ಅದನ್ನಾಗಲಿ, ದೊಡ್ಡವರ ನಿದ್ದೆ ಮಾತ್ರೆಯನ್ನಾಗಲಿ ಸ್ವಂತ ನಿರ್ಧಾರದಿಂದ ಮಗುವಿಗೆ ಕೊಡುವುದು ಸಲ್ಲದು.

ಎಲ್ಲಕ್ಕಿಂತ ಮಿಗಿಲಾಗಿ ಬದಲಾಗಬೇಕಾದುದು ನಮ್ಮ ದೃಷ್ಟಿ. 'ಮಗುವಿಗೆ ಶಿಸ್ತು ಕಲಿಸಿಲ್ಲ' ಎಂಬ ನೆಂಟರಿಷ್ಟರ ಕುಹಕ ಕೇಳಿ ಕಣ್ಣೀರಿಡುವ ತಾಯಂದಿರು ನಮ್ಮ ನೆರೆಯಲ್ಲೇ ಇದ್ದಾರೆ. ರಾತ್ರಿಯಿಡೀ ನಿದ್ದೆಯಿಲ್ಲದೆ ಬೆಳಗ್ಗೆ ಕೆಲಸಕ್ಕೆ ಓಡುವ ಅವರಿಗೆ ಬೇಕಾಗಿರುವುದು ತೀರ್ಪಲ್ಲ, ಒಂದು ರಾತ್ರಿಯ ವಿಶ್ರಾಂತಿ ಮತ್ತು ಆಸರೆಯ ಒಂದು ಮಾತು. ಮನೋವೈದ್ಯರ ಬಳಿ ಹೋದರೆ ಮಗುವಿಗೆ ಹುಚ್ಚೆಂಬ ಹಣೆಪಟ್ಟಿ ಅಂಟುವುದೆಂಬ ಅಳುಕನ್ನೂ ನಾವು ತೊರೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಊರಿನ ಮಕ್ಕಳ ತಜ್ಞರೂ ಮೊದಲ ದಾರಿ ತೋರಬಲ್ಲರು.

ಶಾಲೆಯಿಂದ ಮತ್ತೊಮ್ಮೆ ದೂರು ಬಂದಾಗ ಕೋಲು ಹುಡುಕುವ ಮುನ್ನ ತಂದೆತಾಯಿಯರೂ ಶಿಕ್ಷಕರೂ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಿನ್ನೆ ರಾತ್ರಿ ಈ ಮಗು ನಿದ್ದೆ ಮಾಡಿತ್ತೇ?